ಗ್ರಹಣ ತಪ್ಪದು, ಮಳೆ ಏಕೆ ತಪ್ಪುತ್ತದೆ?

ಪಂಚಾಂಗದ ಒಂದೇ ಹೊದಿಕೆಯೊಳಗೆ ಎರಡು ಬಗೆಯ ಭವಿಷ್ಯ ಅಚ್ಚಾಗಿರುತ್ತದೆ. ಒಂದು ಪುಟದಲ್ಲಿ ಗ್ರಹಣದ ಸ್ಪರ್ಶ, ಮಧ್ಯ, ಮೋಕ್ಷ, ಗಂಟೆ ನಿಮಿಷಗಳ ಸಮೇತ. ಇನ್ನೊಂದು ಪುಟದಲ್ಲಿ ರೋಹಿಣಿ, ಆರಿದ್ರಾ, ಪುಷ್ಯ, ಹಸ್ತ ಎಂದು ಮಳೆ ನಕ್ಷತ್ರಗಳ ಸಾಲು. ಮೊದಲನೆಯದನ್ನು ನಂಬಿ ಜನ ಊಟದ ಹೊತ್ತು ಬದಲಿಸಿಕೊಳ್ಳುತ್ತಾರೆ, ಎರಡನೆಯದನ್ನು ನಂಬಿ ಯಾರೂ ಛತ್ರಿ ಮನೆಯಲ್ಲಿ ಬಿಟ್ಟು ಹೊರಡುವುದಿಲ್ಲ. 2025ರ ಸೆಪ್ಟೆಂಬರ್ 7ರ ರಾತ್ರಿ ಹನ್ನೊಂದಕ್ಕೆ ಚಂದ್ರ ಪೂರ್ತಿ ನೆರಳಿನೊಳಗೆ ಸರಿದು 82 ನಿಮಿಷ ಹಾಗೇ ಇರುತ್ತಾನೆ ಎಂಬುದು ದಶಕಗಳ ಹಿಂದೆಯೇ ಲೆಕ್ಕವಾಗಿತ್ತು, ಆದದ್ದೂ ಹಾಗೆಯೇ. ಆ ರಾತ್ರಿ ಎಷ್ಟೋ ಊರುಗಳಲ್ಲಿ ಜನ ಚಡಪಡಿಸಿದ್ದು ಗ್ರಹಣ ಆಗುತ್ತದೋ ಇಲ್ಲವೋ ಎಂದಲ್ಲ, ಮೋಡ ಸರಿಯುತ್ತದೋ ಇಲ್ಲವೋ ಎಂದು.

ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡು. ಆಕಾಶ ಅಚ್ಚುಕಟ್ಟು, ಗಾಳಿ ಹುಚ್ಚು ಎಂಬುದು ಒಂದು. ಹವಾಮಾನ ಇಲಾಖೆಯವರಿಗೆ ಲೆಕ್ಕ ಬರುವುದಿಲ್ಲ ಎಂಬುದು ಇನ್ನೊಂದು. ಮೊದಲನೆಯ ಉತ್ತರವನ್ನು ಸೂರ್ಯನೇ ಸುಳ್ಳು ಮಾಡುತ್ತಾನೆ. ಮುಂದಿನ ನೂರು ವರ್ಷಗಳ ಸೂರ್ಯಗ್ರಹಣಗಳ ಪಟ್ಟಿ ನಮ್ಮ ಕೈಯಲ್ಲಿದೆ. ಆದರೆ ಅದೇ ಸೂರ್ಯ ಎಬ್ಬಿಸುವ ಬಿರುಗಾಳಿ ಭೂಮಿಯನ್ನು ಎಷ್ಟು ಜೋರಾಗಿ ತಟ್ಟುತ್ತದೆ ಎಂಬುದು ಅರ್ಧ ಗಂಟೆ ಮೊದಲಷ್ಟೇ ಖಚಿತವಾಗುತ್ತದೆ. ಒಂದೇ ಆಕಾಶ, ಒಂದೇ ಸೂರ್ಯ, ಒಂದಕ್ಕೆ ನೂರು ವರ್ಷದ ಮುನ್ನೋಟ, ಇನ್ನೊಂದಕ್ಕೆ ಮೂವತ್ತು ನಿಮಿಷದ್ದು. ಅಂದಮೇಲೆ ಗಂಟು ಎಲ್ಲೋ ಬೇರೆ ಕಡೆ ಇದೆ. ಲೆಕ್ಕ ಬರುವುದಿಲ್ಲ ಎಂಬ ಎರಡನೆಯ ಆಪಾದನೆಗೆ ನೂರು ವರ್ಷ ಹಳೆಯದೊಂದು ಸೋಲು ಉತ್ತರ ಕೊಡುತ್ತದೆ.

ಒಂದು ಭವ್ಯ ಸೋಲು

ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಇಂಗ್ಲಿಷ್ ಗಣಿತಜ್ಞ ಮೊದಲ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲೊಲ್ಲದೆ ಫ್ರಾನ್ಸಿನಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದ. ಬಿಡುವಿನಲ್ಲಿ ಕೂತು, 1910ರ ಮೇ 20ರಂದು ಯೂರೋಪಿನಲ್ಲಿ ಅಳೆದಿಟ್ಟಿದ್ದ ಗಾಳಿ ಮತ್ತು ವಾಯುಭಾರದ ಅಂಕಿಗಳಿಂದ ಶುರುಮಾಡಿ, ಆರು ಗಂಟೆಗಳ ನಂತರ ಏನಾಗಿರಬೇಕು ಎಂದು ಕೈಯಲ್ಲೇ ಲೆಕ್ಕ ಹಾಕಿದ. ವಾಯುಭಾರ 145 ಮಿಲಿಬಾರ್ ಏರಬೇಕು ಎಂದು ಉತ್ತರ ಬಂತು. 1999ರ ಒಡಿಶಾದ ಮಹಾಚಂಡಮಾರುತದ ನಟ್ಟನಡುವೆ ಕೂಡ ವಾಯುಭಾರ ಸುತ್ತಲಿಗಿಂತ ನೂರು ಮಿಲಿಬಾರಿನ ಆಸುಪಾಸಿನಷ್ಟೇ ಕುಸಿದಿತ್ತು ಎಂಬುದನ್ನು ನೆನೆದರೆ ಈ ಉತ್ತರ ಎಂಥ ಅಸಂಬದ್ಧ ಎಂದು ತಿಳಿಯುತ್ತದೆ. 1910ರ ಆ ದಿನ ನಿಜಕ್ಕೂ ವಾಯುಭಾರ ಕದಲಿರಲೇ ಇಲ್ಲ ಎನ್ನಬಹುದು. ಹಸ್ತಪ್ರತಿ ಯುದ್ಧದ ಗಡಿಬಿಡಿಯಲ್ಲಿ ಕಳೆದುಹೋಗಿ ತಿಂಗಳುಗಳ ಮೇಲೆ ಬೆಲ್ಜಿಯಂನಲ್ಲಿ ಕಲ್ಲಿದ್ದಲ ರಾಶಿಯ ಕೆಳಗೆ ಸಿಕ್ಕಿತು. 1922ರಲ್ಲಿ ರಿಚರ್ಡ್‌ಸನ್ ತನ್ನ ತಪ್ಪನ್ನು ಒಂದಿಷ್ಟೂ ಮುಚ್ಚಿಡದೆ ಪುಸ್ತಕ ಪ್ರಕಟಿಸಿದ. ವಿಜ್ಞಾನದಲ್ಲಿ ಇಷ್ಟು ಪ್ರಾಮಾಣಿಕವಾದ ಸೋಲುಗಳು ಕಡಿಮೆ.

ಸ್ವಾರಸ್ಯ ಇರುವುದು ಇದರ ಮುಂದಿನ ಕತೆಯಲ್ಲಿ. ಎಷ್ಟೋ ದಶಕಗಳ ನಂತರ ಐರ್ಲೆಂಡಿನ ಪೀಟರ್ ಲಿಂಚ್ ಅದೇ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮರಳಿ ಮಾಡಿದರು. ಮೊದಲು ರಿಚರ್ಡ್‌ಸನ್ನನ ಅಂಕಿಗಳನ್ನು ಇದ್ದಂತೆಯೇ ಹಾಕಿದಾಗ ಅದೇ 145 ಬಂತು. ಕೂಡುಕಳೆಯುವಿಕೆಯಲ್ಲಿ ಅವನು ದೊಡ್ಡ ತಪ್ಪೇನೂ ಮಾಡಿರಲಿಲ್ಲ ಎಂದಾಯಿತು. ಆಮೇಲೆ ಆರಂಭದ ಅಂಕಿಗಳಲ್ಲಿದ್ದ ಸಣ್ಣ ಒರಟುತನವನ್ನು, ಗಾಳಿಗೂ ವಾಯುಭಾರಕ್ಕೂ ಇದ್ದ ಹೊಂದಾಣಿಕೆಯ ಕೊರತೆಯನ್ನು ನಯಮಾಡಿ ಅದೇ ಸೂತ್ರಗಳಿಗೆ ಒಡ್ಡಿದಾಗ ನಂಬಬಹುದಾದ ಉತ್ತರ ಹೊರಬಂತು. ನಿಯಮ ಸರಿಯಿತ್ತು, ಲೆಕ್ಕ ಸರಿಯಿತ್ತು, ‘ಈಗ ಹೇಗಿದೆ’ ಎಂಬ ಮೊದಲ ಸಾಲು ಮಾತ್ರ ಸರಿಯಿರಲಿಲ್ಲ. ಈ ಅಧ್ಯಾಯದ ವಾದವೂ ಇಷ್ಟೇ: ಮುಂದೆ ಏನಾಗುತ್ತದೆ ಎಂದು ಎಷ್ಟು ದೂರದವರೆಗೆ ಹೇಳಬಲ್ಲೆವು ಎಂಬುದನ್ನು ತೀರ್ಮಾನಿಸುವುದು ಈ ಕ್ಷಣದ ಬಗ್ಗೆ ನಮಗಿರುವ ಅಜ್ಞಾನ, ಮತ್ತು ಆ ಅಜ್ಞಾನ ಬೆಳೆಯುವ ವೇಗ.

ಹೆಪ್ಪಿನ ಲೆಕ್ಕ

ರಾತ್ರಿ ಹಾಲಿಗೆ ಹೆಪ್ಪು ಹಾಕಿದರೆ ಬೆಳಗ್ಗೆ ಮೊಸರು. ಹೆಪ್ಪಿನಲ್ಲಿರುವ ಸೂಕ್ಷ್ಮಾಣುಗಳು ಗಂಟೆಗೊಮ್ಮೆ ಇಮ್ಮಡಿಯಾಗುತ್ತವೆ ಎಂದುಕೊಳ್ಳಿ. ಹಾಲು ಹಾಲಾಗಿಯೇ ಹೆಚ್ಚು ಹೊತ್ತು ಉಳಿಯಲಿ ಎಂದು ನೀವು ಹೆಪ್ಪನ್ನು ಅರ್ಧಕ್ಕಿಳಿಸಿದರೆ ಸಿಗುವ ಲಾಭ ಎಷ್ಟು? ಒಂದು ಗಂಟೆ, ಅಷ್ಟೇ. ಕಾಲುಭಾಗಕ್ಕೆ ಇಳಿಸಿದರೆ ಎರಡು ಗಂಟೆ. ಸಾವಿರದಲ್ಲೊಂದು ಪಾಲಿಗೆ ಇಳಿಸಿದರೂ ಹತ್ತೇ ಗಂಟೆ. ಒಂದು ತೊಟ್ಟು ಇದ್ದರೂ ಪಾತ್ರೆಯ ಹಾಲೆಲ್ಲ ಹುಳಿಯಾಗುವುದು ತಪ್ಪುವುದಿಲ್ಲ. ವಾತಾವರಣದಲ್ಲಿ ನಮ್ಮ ಅಜ್ಞಾನ ಈ ಹೆಪ್ಪಿನ ಹಾಗೆ. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಎಡ್ವರ್ಡ್ ಲೊರೆಂಜ್ ಕಂಪ್ಯೂಟರಿಗೆ 0.506127 ಎಂಬ ಸಂಖ್ಯೆಯ ಬದಲು 0.506 ಎಂದು ಚುಟುಕಾಗಿ ಕೊಟ್ಟು ಕಾಫಿಗೆ ಹೋದರು. ವಾಪಸು ಬರುವಷ್ಟರಲ್ಲಿ ಯಂತ್ರದೊಳಗಿನ ಹವೆ ಮೊದಲಿನ ಲೆಕ್ಕಕ್ಕೆ ಸಂಬಂಧವೇ ಇಲ್ಲದಂತೆ ಬೇರೆ ದಾರಿ ಹಿಡಿದಿತ್ತು. ಹತ್ತು ಸಾವಿರದಲ್ಲಿ ಒಂದೆರಡು ಪಾಲಿನಷ್ಟು ಹೆಪ್ಪು ಪಾತ್ರೆಯನ್ನೆಲ್ಲ ಮೊಸರು ಮಾಡಿತ್ತು. ಚಿಟ್ಟೆ ರೆಕ್ಕೆ ಬಡಿದರೆ ಬಿರುಗಾಳಿ ಎದ್ದೀತು ಎಂಬ ಹೆಸರಾಂತ ಮಾತು ಹುಟ್ಟಿದ್ದು ಇಲ್ಲಿಂದಲೇ. ಆ ಮಾತು ಆಕರ್ಷಕ, ಆದರೆ ಚಿಟ್ಟೆಯೇ ಬಿರುಗಾಳಿಯನ್ನು ಮಾಡುತ್ತದೆ ಎಂಬ ತಪ್ಪು ಕಲ್ಪನೆಯನ್ನೂ ಬಿತ್ತುತ್ತದೆ. ಬಿರುಗಾಳಿಯ ಶಕ್ತಿ ಬರುವುದು ಬಿಸಿ ಕಡಲಿನಿಂದ. ಚಿಟ್ಟೆಯಿಂದ ಬರುವುದು ನಮ್ಮ ಲೆಕ್ಕದ ತಪ್ಪು ಮಾತ್ರ.

ಹಾಗಾದರೆ ಗ್ರಹಣದ ಲೆಕ್ಕಕ್ಕೆ ಹೆಪ್ಪು ಬೀಳುವುದಿಲ್ಲವೇ? ಬೀಳುತ್ತದೆ. ಸೂರ್ಯ, ಚಂದ್ರ, ಗ್ರಹಗಳ ಸ್ಥಾನವನ್ನೂ ನಾವು ಕೂದಲೆಳೆಯಷ್ಟಾದರೂ ತಪ್ಪಾಗಿಯೇ ಅಳೆಯುತ್ತೇವೆ. ಆದರೆ ಬೇಸಿಗೆಯ ಸೆಕೆಯಲ್ಲಿ ಬೇಗ ಹುಳಿಯಾಗುವ ಹಾಲೇ ಫ್ರಿಜ್ಜಿನಲ್ಲಿ ದಿನಗಟ್ಟಲೆ ಉಳಿಯುವುದಿಲ್ಲವೇ? ಸೌರವ್ಯೂಹ ಅಂಥ ತಂಪಿನ ಜಾಗ. ಅಲ್ಲಿ ತಪ್ಪು ಹಿಗ್ಗಿ ಕೈಮೀರಲು ಲಕ್ಷಗಟ್ಟಲೆ ವರ್ಷಗಳು ಬೇಕು. ದೇಶದಷ್ಟು ಅಗಲದ ಗಾಳಿಯ ಸುಳಿಗಳಲ್ಲಿ ತಪ್ಪು ಒಂದೂವರೆ ಎರಡು ದಿನಕ್ಕೊಮ್ಮೆ ಇಮ್ಮಡಿಸುತ್ತದೆ. ಗುಡುಗುಮೋಡದಲ್ಲಾದರೆ ಗಂಟೆ ಎಣಿಸುವುದರೊಳಗೆ. ಪಂಚಾಂಗದ ಎರಡು ಪುಟಗಳ ನಡುವಿನ ವ್ಯತ್ಯಾಸ ಈ ಇಮ್ಮಡಿಯ ಅವಧಿಯದು, ಶಾಸ್ತ್ರದ್ದೂ ಅಲ್ಲ, ಶಾಸ್ತ್ರಿಗಳದ್ದೂ ಅಲ್ಲ.

ದೊಡ್ಡದಕ್ಕೆ ತಾಳ್ಮೆ, ಚಿಕ್ಕದಕ್ಕೆ ಅವಸರ

ಬಂಗಾಳ ಕೊಲ್ಲಿಯ ಚಂಡಮಾರುತವನ್ನು ನಾಲ್ಕು ದಿನ ಮೊದಲೇ ಹೇಳುವವರಿಗೆ ಇಂದು ಸಂಜೆ ಬೆಂಗಳೂರಿನ ಯಾವ ಬಡಾವಣೆ ಮುಳುಗುತ್ತದೆ ಎಂದು ಹೇಳಲಾಗದು. ಕೇಳುವವರಿಗೆ ಇದು ವಿಚಿತ್ರ: ಅಷ್ಟು ದೊಡ್ಡದು ಗೊತ್ತಾಗುತ್ತದೆ, ಇಷ್ಟು ಚಿಕ್ಕದು ಗೊತ್ತಾಗುವುದಿಲ್ಲವೇ? ದೊಡ್ಡದಾದ್ದರಿಂದಲೇ ಗೊತ್ತಾಗುತ್ತದೆ ಎಂಬುದು ಉತ್ತರ. ಚಂಡಮಾರುತ ನೂರಾರು ಕಿಲೋಮೀಟರ್ ಅಗಲ, ಅದನ್ನು ತಳ್ಳಿಕೊಂಡು ಹೋಗುವ ಮೇಲುಗಾಳಿ ಇನ್ನೂ ಅಗಲ. ಹೊಳೆಯಲ್ಲಿ ತೇಲುವ ದಿಮ್ಮಿ ಎತ್ತ ಹೋಗುತ್ತದೆಂದು ತಿಳಿಯಲು ಹೊಳೆಯ ಹರಿವು ಗೊತ್ತಿದ್ದರೆ ಸಾಕು. ದಿಮ್ಮಿಯ ಸುತ್ತ ಏಳುವ ನೊರೆಯ ಗುಳ್ಳೆ ಎಲ್ಲಿ ಒಡೆಯುತ್ತದೆ ಎಂದು ಹೇಳುವುದೇ ಕಷ್ಟ. ಮುಂಬಯಿಯ 2005ರ ಜುಲೈ 26 ಇದಕ್ಕೆ ಕಣ್ಣಿಗೆ ಕಟ್ಟುವ ಸಾಕ್ಷಿ. ಸಾಂತಾಕ್ರೂಜ್‌ನ ಮಳೆಮಾಪಕದಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಸುರಿದಾಗ ಅದೇ ನಗರದ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿ.ಮೀ. ಲೋಕಲ್ ರೈಲು ಒಂದು ತಾಸಿನಲ್ಲಿ ದಾಟುವ ದೂರದಲ್ಲಿ ಒಂದೆಡೆ ಪ್ರಳಯ, ಇನ್ನೊಂದೆಡೆ ಮಾಮೂಲಿ ಮಳೆಗಾಲದ ದಿನ. ‘ಮುಂಬಯಿಯಲ್ಲಿ ಭಾರಿ ಮಳೆ’ ಎಂಬ ಮುನ್ಸೂಚನೆ ಆ ದಿನ ಒಬ್ಬರಿಗೆ ಸಾಲದೆ ಹೋಗುತ್ತಿತ್ತು, ಇನ್ನೊಬ್ಬರಿಗೆ ಸುಳ್ಳಾಗುತ್ತಿತ್ತು.

ಚಂಡಮಾರುತದ ಒಳಗೂ ಇದೇ ಭೇದವಿದೆ. ದಾರಿಯನ್ನು ನಿರ್ಧರಿಸುವುದು ದೊಡ್ಡ ಗಾಳಿ, ಆದ್ದರಿಂದ ದಾರಿಯ ಮುನ್ಸೂಚನೆ ಸುಧಾರಿಸಿದೆ. ಬಲವನ್ನು ನಿರ್ಧರಿಸುವುದು ಕಣ್ಣಿನ ಸುತ್ತಲ ಹತ್ತಾರು ಕಿಲೋಮೀಟರಿನ ಮೋಡಗಳ ಕುದಿತ, ಅದು ಈಗಲೂ ಕೈಕೊಡುತ್ತದೆ. 2017ರ ನವೆಂಬರ್ ಕೊನೆಯಲ್ಲಿ ಕನ್ಯಾಕುಮಾರಿಯ ಬಳಿ ವಾಯುಭಾರ ಕುಸಿತವಾಗಿದ್ದದ್ದು ಒಂದು ದಿನ ಕಳೆಯುವುದರೊಳಗೆ ಒಖಿ ಚಂಡಮಾರುತವಾಯಿತು. ಆಗಲೇ ಕಡಲಿಗಿಳಿದಿದ್ದ ಕೇರಳ, ತಮಿಳುನಾಡುಗಳ ನೂರಾರು ಮೀನುಗಾರರು ಮರಳಿ ಬರಲಿಲ್ಲ. ಇದರ ಪಕ್ಕದಲ್ಲಿ ಒಡಿಶಾವನ್ನು ಇಟ್ಟು ನೋಡಿ: 1999ರಲ್ಲಿ ಸತ್ತವರು ಹತ್ತು ಸಾವಿರದ ಆಸುಪಾಸು, 2019ರ ಮೇ 3ರಂದು ಪುರಿಯ ಬಳಿ ಅಪ್ಪಳಿಸಿದ ಫನಿಗೆ ಆ ರಾಜ್ಯದಲ್ಲಿ ಬಲಿಯಾದವರು 64. ಈ ಇಳಿತದ ಕೀರ್ತಿಯನ್ನೆಲ್ಲ ಮುನ್ಸೂಚನೆಗೇ ಕಟ್ಟುವುದು ನ್ಯಾಯವಲ್ಲ. ಸುಮಾರು 12 ಲಕ್ಷ ಜನರನ್ನು ಸಾಗಿಸಿದ ಆಡಳಿತ, ಇಪ್ಪತ್ತು ವರ್ಷ ಕಟ್ಟುತ್ತ ಬಂದ ಆಶ್ರಯತಾಣಗಳು, ಹೇಳಿದೊಡನೆ ಮನೆ ಬಿಟ್ಟ ಜನ ಎಲ್ಲರ ಪಾಲೂ ಇದೆ. ಆದರೆ 12 ಲಕ್ಷ ಜನರನ್ನು ಸಾಗಿಸಲು ದಿನಗಳು ಬೇಕು. ಆ ದಿನಗಳನ್ನು ಕೊಟ್ಟದ್ದು ಚಂಡಮಾರುತದ ಗಾತ್ರ.

ಇಲ್ಲೊಂದು ಆಕ್ಷೇಪ ಸಹಜ. ಹಾಗಾದರೆ ಚಿಕ್ಕದನ್ನೂ ಚೆನ್ನಾಗಿ ಅಳೆಯೋಣ, ಇನ್ನೂ ದೊಡ್ಡ ಕಂಪ್ಯೂಟರ್ ತರೋಣ, ಸಮಸ್ಯೆ ಮುಗಿಯುವುದಿಲ್ಲವೇ? ಸ್ವಲ್ಪ ಮಟ್ಟಿಗೆ ಹೌದು. ಕಂಪ್ಯೂಟರಿನ ಮುನ್ಸೂಚನೆ ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಒಂದೊಂದು ಚೌಕಕ್ಕೂ ಲೆಕ್ಕ ಹಾಕುತ್ತದೆ. 2025ರ ಮೇ ತಿಂಗಳಲ್ಲಿ ಭಾರತೀಯ ಹವಾಮಾನ ಇಲಾಖೆ ಬಳಕೆಗೆ ತಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ಈ ಚೌಕವನ್ನು 12 ಕಿ.ಮೀ.ಯಿಂದ 6 ಕಿ.ಮೀ.ಗೆ ಇಳಿಸಿತು. ಅದು ದೊಡ್ಡ ಹೆಜ್ಜೆಯೇ. ಜಗತ್ತಿನ ಮುನ್ಸೂಚನೆಗಳು ಕಳೆದ ಕೆಲವು ದಶಕಗಳಲ್ಲಿ ದಶಕಕ್ಕೊಂದು ದಿನದಂತೆ ಮುಂದೆ ಸಾಗಿವೆ. ಇಂದಿನ ಐದನೆಯ ದಿನದ ಮಾತು ಹತ್ತು ವರ್ಷ ಹಿಂದಿನ ನಾಲ್ಕನೆಯ ದಿನದ ಮಾತಿನಷ್ಟು ನಂಬಲರ್ಹ. ಆದರೆ 1969ರಲ್ಲಿ ಲೊರೆಂಜ್ ಒಂದು ಕಹಿ ಸಂಗತಿಯನ್ನು ತೋರಿಸಿಕೊಟ್ಟರು. ಸುಳಿ ಚಿಕ್ಕದಾದಷ್ಟೂ ಅದರಲ್ಲಿ ತಪ್ಪು ಬೇಗ ಇಮ್ಮಡಿಸುತ್ತದೆ. ಚೌಕವನ್ನು ಮೊದಲ ಸಲ ಅರ್ಧ ಮಾಡಿದಾಗ ಒಂದು ದಿನ ಸಿಕ್ಕಿದರೆ, ಮತ್ತೆ ಅರ್ಧ ಮಾಡಿದಾಗ ಸಿಗುವುದು ಅರ್ಧ ದಿನ, ಇನ್ನೊಮ್ಮೆ ಮಾಡಿದರೆ ಕಾಲು ದಿನ. ಒಂದು, ಅರ್ಧ, ಕಾಲು, ಅರೆಗಾಲು ಎಂದು ಎಷ್ಟು ಕೂಡಿದರೂ ಮೊತ್ತ ಎರಡನ್ನು ದಾಟುವುದಿಲ್ಲ. ಅದೇ ರೀತಿ ದಿನದಿನದ ಹವೆಯ ಮುನ್ನೋಟಕ್ಕೆ ಸುಮಾರು ಎರಡು ವಾರದ ಗೋಡೆಯೊಂದಿದೆ. ಕಂಪ್ಯೂಟರ್ ಎಷ್ಟೇ ದೊಡ್ಡದಾದರೂ ಅದು ನಮ್ಮನ್ನು ಗೋಡೆಯ ಹತ್ತಿರ ಒಯ್ದೀತು, ಆಚೆಗೆ ದಾಟಿಸಲಾರದು.

ಕೃತಕ ಬುದ್ಧಿಮತ್ತೆ ಇದೆಯಲ್ಲ ಎನ್ನುವವರಿದ್ದಾರೆ. ಗ್ರಾಫ್‌ಕಾಸ್ಟ್, ಪಾಂಗು ಮುಂತಾದ ಹೊಸ ಮಾದರಿಗಳು ದಶಕಗಳ ಹವೆಯ ದಾಖಲೆಯನ್ನು ಅರೆದು ಕುಡಿದು, ಸೂಪರ್ ಕಂಪ್ಯೂಟರಿಗೆ ಗಂಟೆ ಹಿಡಿಯುತ್ತಿದ್ದ ಕೆಲಸವನ್ನು ಒಂದೆರಡು ನಿಮಿಷದಲ್ಲಿ ಮುಗಿಸುತ್ತವೆ. ಚಂಡಮಾರುತದ ದಾರಿ ಹೇಳುವುದರಲ್ಲಿ ಹಳೆಯ ವಿಧಾನಕ್ಕೆ ಸರಿಸಾಟಿಯಾಗಿವೆ. ಇದನ್ನು ಒಪ್ಪಲೇಬೇಕು. ಆದರೆ ಅವುಗಳ ಬಾಯಿಗೂ ಮೊದಲ ತುತ್ತು ಇಡುವುದು ಅದೇ ಬಲೂನು, ಉಪಗ್ರಹ, ಮಳೆಮಾಪಕಗಳ ಅಳತೆಯೇ. ಅಲ್ಲಿ ಬಿದ್ದ ಹೆಪ್ಪು ಯಾವ ಪಾತ್ರೆಯಲ್ಲಾದರೂ ಮೊಸರಾಗುತ್ತದೆ. ಜೊತೆಗೆ ಅವು ಕಲಿಯುವುದು ಆಗಿಹೋದದ್ದರಿಂದ. ಅತಿರೇಕದ ಹವೆ ಎಂದರೆ ಹಿಂದೆ ಅಪರೂಪಕ್ಕೆ ಆದದ್ದು ಅಥವಾ ಆಗದೇ ಇದ್ದದ್ದು. ಭೂಮಿ ಕಾಯುತ್ತಿರುವ ಈ ಕಾಲದಲ್ಲಿ ಹಿಂದೆ ಆಗದೇ ಇದ್ದದ್ದರ ಪಾಲು ಹೆಚ್ಚುತ್ತಿದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಾಯಿಪಾಠ ಮಾಡಿದ ಹುಡುಗನಿಗೆ ಎದುರಾಗುವ ತೊಂದರೆ ಇದು.

ಅಡ್ಡಗೋಡೆಯ ಮೇಲಿನ ದೀಪವೇ?

ಹೆಪ್ಪನ್ನು ತೆಗೆಯಲಾಗದಿದ್ದರೆ ಅದನ್ನು ಲೆಕ್ಕಕ್ಕಾದರೂ ತೆಗೆದುಕೊಳ್ಳಬಹುದಲ್ಲ. ಒಂದೇ ಪಾತ್ರೆಯ ಬದಲು ಐವತ್ತು ಪಾತ್ರೆ ಇಡಿ, ಒಂದೊಂದಕ್ಕೂ ಸ್ವಲ್ಪ ಹೆಚ್ಚುಕಡಿಮೆ ಹೆಪ್ಪು ಹಾಕಿ, ಬೆಳಗ್ಗೆ ಎಷ್ಟು ಪಾತ್ರೆ ಗಟ್ಟಿಯಾಗಿವೆ ಎಂದು ಎಣಿಸಿ. ಎನ್‌ಸೆಂಬಲ್ ಎಂದು ಹವಾಮಾನಿಗಳು ಕರೆಯುವ ಈ ‘ಗುಂಪುಲೆಕ್ಕ’ವನ್ನು ಯೂರೋಪಿನ ಮುನ್ಸೂಚನಾ ಕೇಂದ್ರ 1992ರಲ್ಲಿ ಶುರುಮಾಡಿತು. ಈಗ ಅಲ್ಲಿ ಒಂದೊಂದು ಸಲವೂ 51 ಲೆಕ್ಕಗಳು ನಡೆಯುತ್ತವೆ. ಐವತ್ತರಲ್ಲಿ ಹದಿನೈದು ಲೆಕ್ಕಗಳಲ್ಲಿ ಮಳೆ ಸುರಿದರೆ ಶೇ 30ರಷ್ಟು ಸಾಧ್ಯತೆ ಎನ್ನುತ್ತಾರೆ. ಇದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು, ಬಂದರೂ ಸರಿ ಬಾರದಿದ್ದರೂ ಸರಿ ಎಂದು ದೂರುವವರು ಅನೇಕರು. ಒಂದು ದಿನವನ್ನಷ್ಟೇ ನೋಡಿದರೆ ಆ ದೂರು ನಿಜ. ಆದರೆ ಶೇ 30 ಎಂದು ಹೇಳಿದ ನೂರು ದಿನಗಳನ್ನು ಒಟ್ಟು ಹಾಕಿ, ಅವುಗಳಲ್ಲಿ ಮೂವತ್ತರ ಸುಮಾರು ದಿನ ಮಳೆಯಾಯಿತೇ ಎಂದು ಪರೀಕ್ಷಿಸಬಹುದು. ಅರವತ್ತು ದಿನ ಮಳೆ ಬಂದಿದ್ದರೆ ಲೆಕ್ಕ ತಪ್ಪು, ಹತ್ತು ದಿನವಾದರೂ ತಪ್ಪು. ಸಿಕ್ಕಿಬೀಳುವ ದಾರಿಯನ್ನು ತಾನೇ ತೆರೆದಿಟ್ಟಿರುವ ಮಾತು ಅಡ್ಡಗೋಡೆಯ ದೀಪವಾಗುವುದಿಲ್ಲ. ಗುಂಪುಲೆಕ್ಕದ ಇನ್ನೊಂದು ಗುಣವೂ ಉಂಟು: ಐವತ್ತೂ ಪಾತ್ರೆಗಳು ಒಂದೇ ಥರ ಇದ್ದರೆ ಇಂದು ಧೈರ್ಯವಾಗಿ ಹೇಳಬಹುದು, ಚೆಲ್ಲಾಪಿಲ್ಲಿಯಾಗಿದ್ದರೆ ಬಾಯಿ ಹಿಡಿದು ಮಾತಾಡಬೇಕು ಎಂದು ಮುನ್ಸೂಚನೆ ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತದೆ.

ಮುಚ್ಚಿದ ಲಕೋಟೆ

ಈಗ ಸೂರ್ಯನ ಕಡೆಗೆ. 2024ರ ಮೇ 10ರ ರಾತ್ರಿ ಹತ್ತೂವರೆಯ ಸುಮಾರಿಗೆ ಎರಡು ದಶಕಗಳಲ್ಲೇ ಅತಿ ಬಲವಾದ ಸೌರ ಬಿರುಗಾಳಿ ಭೂಮಿಯನ್ನು ತಟ್ಟಿತು. ಧ್ರುವಗಳ ಬಳಿ ಕಾಣಬೇಕಾದ ಬೆಳಕು ಲಡಾಖಿನ ಹಾನ್ಲೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯದ ಮೇಲಿನ ಆಕಾಶದಲ್ಲಿ ಕೆಂಪಾಗಿ ಹಬ್ಬಿತು. ಅಮೆರಿಕದಲ್ಲಿ ಜಿಪಿಎಸ್ ನಂಬಿ ಬಿತ್ತನೆ ಮಾಡುತ್ತಿದ್ದ ಟ್ರ್ಯಾಕ್ಟರುಗಳು ಸಾಲು ತಪ್ಪಿ ನಿಂತವು. ಇದು ಹೊಸ ಪೀಡೆಯಲ್ಲ. 1859ರ ಸೆಪ್ಟೆಂಬರಿನಲ್ಲಿ ಇದಕ್ಕಿಂತ ದೊಡ್ಡದು ಬಂದಾಗ ಟೆಲಿಗ್ರಾಫ್ ತಂತಿಗಳು ಕಿಡಿ ಕಾರಿದ್ದವು. ಭೂಮಿಯ ಅಯಸ್ಕಾಂತ ಅಂದು ಹೇಗೆ ಅಲುಗಾಡಿತು ಎಂಬುದಕ್ಕೆ ಜಗತ್ತಿನಲ್ಲಿರುವ ಅತ್ಯಮೂಲ್ಯ ದಾಖಲೆಗಳಲ್ಲೊಂದು ಮುಂಬಯಿಯ ಕೊಲಾಬಾ ವೀಕ್ಷಣಾಲಯದ್ದು. ಅಲ್ಲಿ ದುಡಿಯುತ್ತಿದ್ದವರು ಮುಳ್ಳಿನ ಓಲಾಟವನ್ನು ಕಣ್ಣಲ್ಲೇ ಓದಿ ಬರೆದಿಟ್ಟ ಅಂಕಿಗಳು ಇಂದಿಗೂ ಉಲ್ಲೇಖವಾಗುತ್ತವೆ. 1989ರ ಮಾರ್ಚ್ 13ರಂದು ಇನ್ನೊಂದು ಬಿರುಗಾಳಿ ಕೆನಡಾದ ಕ್ವಿಬೆಕ್ ಪ್ರಾಂತದ ವಿದ್ಯುತ್ ಜಾಲವನ್ನು ಎರಡು ನಿಮಿಷಕ್ಕೂ ಕಡಿಮೆ ಹೊತ್ತಿನಲ್ಲಿ ಕೆಡವಿ 60 ಲಕ್ಷ ಜನರನ್ನು ಸುಮಾರು ಒಂಬತ್ತು ಗಂಟೆ ಕತ್ತಲಲ್ಲಿಟ್ಟಿತು.

ನಡೆಯುವುದು ಹೀಗೆ. ಸೂರ್ಯನ ಮೈಮೇಲೆ ತಿರುಚಿಕೊಂಡ ಅಯಸ್ಕಾಂತದ ಎಳೆಗಳು ಸಿಡಿದಾಗ ಬಿಸಿ ಅನಿಲದ ಬೃಹತ್ ಮುದ್ದೆಯೊಂದು ಆ ಎಳೆಗಳ ಸಮೇತ ಹೊರಗೆಸೆಯಲ್ಪಡುತ್ತದೆ. ಕರೋನಲ್ ಮಾಸ್ ಇಜೆಕ್ಷನ್ ಎಂಬ ಉದ್ದ ಹೆಸರಿನ ಇದನ್ನು ‘ಸೌರ ಉಗುಳು’ ಎಂದು ಕರೆಯೋಣ. ಸಿಡಿತದ ಬೆಳಕು ಎಂಟೂಕಾಲು ನಿಮಿಷದಲ್ಲಿ ನಮಗೆ ಮುಟ್ಟುತ್ತದೆ, ಉಗುಳು ತಲುಪಲು ಒಂದರಿಂದ ಮೂರು ನಾಲ್ಕು ದಿನ ಬೇಕು. ಅಷ್ಟು ಸಮಯ ಸಿಕ್ಕಮೇಲೆ ಮುನ್ಸೂಚನೆ ಸುಲಭವಾಗಬೇಕಿತ್ತು. ಅದು ಹೊರಟದ್ದನ್ನು ಉಪಗ್ರಹಗಳು ನೋಡುತ್ತವೆ, ತಲುಪುವ ಹೊತ್ತನ್ನೂ ಹತ್ತು ಗಂಟೆ ಆಚೀಚೆಯಾಗಿ ಹೇಳಬಹುದು. ಆದರೆ ಬಹುಮುಖ್ಯವಾದ ಒಂದು ಸಂಗತಿ ದೂರದಿಂದ ಕಾಣುವುದಿಲ್ಲ: ಉಗುಳಿನೊಳಗಿನ ಅಯಸ್ಕಾಂತದ ಮುಖ ಯಾವ ಕಡೆಗಿದೆ? ಸೂರ್ಯನ ಕಡೆಯ ಅಂಚಿನಲ್ಲಿ ಭೂಮಿಯ ಅಯಸ್ಕಾಂತ ಬಲ ಉತ್ತರಕ್ಕೆ ಮುಖ ಮಾಡಿರುತ್ತದೆ. ಬರುವ ಉಗುಳಿನದೂ ಉತ್ತರಕ್ಕಿದ್ದರೆ ಅದು ಬಹುಮಟ್ಟಿಗೆ ಭೂಮಿಯನ್ನು ಬಳಸಿಕೊಂಡು ಜಾರಿಹೋಗುತ್ತದೆ. ದಕ್ಷಿಣಕ್ಕಿದ್ದರೆ ಎರಡರ ಎಳೆಗಳೂ ತುಂಡಾಗಿ ಒಂದಕ್ಕೊಂದು ಬೆಸೆದುಕೊಂಡು ಭೂಮಿಯ ಕೋಟೆಯ ಬಾಗಿಲು ತೆರೆದುಕೊಳ್ಳುತ್ತದೆ, ಶಕ್ತಿ ಒಳಗೆ ನುಗ್ಗುತ್ತದೆ. ಈ ಬಾಗಿಲಿನ ಗುಟ್ಟನ್ನು 1961ರಲ್ಲಿ ಬಿಡಿಸಿದವರು ಬ್ರಿಟನ್ನಿನ ಜೇಮ್ಸ್ ಡಂಗಿ. ಅಂಚೆಯಲ್ಲಿ ಒಂದು ಲಕೋಟೆ ಹೊರಟಿದೆ, ನಾಡಿದ್ದು ಮುಟ್ಟುತ್ತದೆ ಎಂದೆಲ್ಲ ಗೊತ್ತು. ಒಳಗೆ ಕುಶಲ ವಾರ್ತೆಯಿದೆಯೋ ಕೋರ್ಟಿನ ನೋಟಿಸಿದೆಯೋ ಎಂಬುದು ಒಡೆದಾಗಲೇ ತಿಳಿಯುವುದು.

ಆ ಲಕೋಟೆ ಒಡೆಯುವ ಜಾಗ ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದಲ್ಲಿದೆ. ಸೂರ್ಯ ಮತ್ತು ಭೂಮಿಯ ಸೆಳೆತಗಳು ನೌಕೆಯೊಂದನ್ನು ಸದಾ ಇಬ್ಬರ ನಡುವೆ ಇರುವಂತೆ ಹಿಡಿದಿಡಬಲ್ಲ ಠಾವು ಅದು, ಹೆಸರು ಎಲ್1. ಇಸ್ರೋದ ಆದಿತ್ಯ-ಎಲ್1 2024ರ ಜನವರಿ 6ರಿಂದ ಅಲ್ಲಿ ಸುತ್ತುತ್ತಿದೆ. ಉಗುಳಿನ ಅಯಸ್ಕಾಂತ ನೌಕೆಯನ್ನು ಹಾದುಹೋದಾಗ ಅದರ ದಿಕ್ಕು ಗೊತ್ತಾಗುತ್ತದೆ. ಉಗುಳು ಸೆಕೆಂಡಿಗೆ 800 ಕಿ.ಮೀ. ವೇಗದಲ್ಲಿ ಬರುತ್ತಿದ್ದರೆ ಉಳಿದ 15 ಲಕ್ಷ ಕಿ.ಮೀ. ದಾಟಲು ಬೇಕಾಗುವುದು 31 ನಿಮಿಷ. ವೇಗ 2,000 ಕಿ.ಮೀ. ಆದರೆ ಹನ್ನೆರಡೂವರೆ ನಿಮಿಷ. ಅಂದರೆ ಬಿರುಗಾಳಿ ಭಯಂಕರವಾದಷ್ಟೂ ಎಚ್ಚರಿಕೆಯ ಅವಧಿ ಕಿರಿದಾಗುತ್ತದೆ.

ಮಳೆಗೂ ಈ ಬಿರುಗಾಳಿಗೂ ಒಂದೇ ಹೆಪ್ಪಿನ ಲೆಕ್ಕ ಅನ್ವಯಿಸುವುದಿಲ್ಲ, ಇಲ್ಲಿ ತಪ್ಪು ಇಮ್ಮಡಿಸುವ ಮಾತೆಲ್ಲಿದೆ ಎಂದು ಕೇಳಬಹುದು. ನಿಜ, ರೋಗ ಒಂದೇ ಆದರೂ ಅದು ಕೂತಿರುವ ಜಾಗ ಬೇರೆ. ಮಳೆಯಲ್ಲಿ ಈ ಕ್ಷಣ ನಮಗೆ ತಕ್ಕಮಟ್ಟಿಗೆ ಗೊತ್ತು, ಉಳಿದ ಅಜ್ಞಾನ ಬೇಗ ಬೆಳೆಯುತ್ತದೆ. ಸೌರ ಬಿರುಗಾಳಿಯಲ್ಲಿ ಬೆಳೆಯುವ ಮಾತು ಬರುವ ಮೊದಲೇ ಈ ಕ್ಷಣದ ಮುಖ್ಯ ಅಂಕಿಯೇ ಖಾಲಿ. ಆದ್ದರಿಂದ ಮಳೆಯ ಮುಂದಿರುವ ಗೋಡೆ ಪ್ರಕೃತಿ ಕಟ್ಟಿದ್ದು, ಸೌರ ಬಿರುಗಾಳಿಯ ಮುಂದಿರುವುದು ಬಹುಮಟ್ಟಿಗೆ ನಮ್ಮ ಕಾವಲುಗಾರರ ಕೊರತೆ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಆಶಾದಾಯಕ. ನಡುದಾರಿಯಲ್ಲೇ ಲಕೋಟೆಯ ಮೇಲೆ ಕಣ್ಣಿಡುವ ಉಪಾಯಗಳು ಆಗಲೇ ಇವೆ. ನಕ್ಷತ್ರಗಳು ಗಾಳಿಯಿಂದಾಗಿ ಮಿನುಗುವಂತೆ ದೂರದ ರೇಡಿಯೊ ಆಕರಗಳು ಸೂರ್ಯನ ಗಾಳಿಯಿಂದಾಗಿ ಮಿನುಗುತ್ತವೆ. ಊಟಿಯ ಬೆಟ್ಟದಿಳಿಜಾರಿನಲ್ಲಿ 1970ರಿಂದ ನಿಂತಿರುವ 530 ಮೀಟರ್ ಉದ್ದದ ರೇಡಿಯೊ ದೂರದರ್ಶಕ ಆ ಮಿನುಗನ್ನು ಹಿಡಿದು ಉಗುಳು ಎಲ್ಲಿಯವರೆಗೆ ಬಂತು ಎಂದು ಅಂದಾಜಿಸಲು ನೆರವಾಗಿದೆ. ಸೂರ್ಯನನ್ನು ಪಕ್ಕದಿಂದ ನೋಡುವ ‘ವಿಜಿಲ್’ ನೌಕೆಯನ್ನು 2031ರಲ್ಲಿ ಹಾರಿಸುವುದು ಯೂರೋಪಿನ ಯೋಜನೆ. ಸೂಪರ್ ಕಂಪ್ಯೂಟರಿನ ಉದ್ಘಾಟನೆಗೆ ಸಿಗುವ ಹೂಮಾಲೆ ಇಂಥ ಅಳತೆಯ ಕೆಲಸಗಳಿಗೆ ಸಿಗುವುದಿಲ್ಲ, ಆದರೆ ಮುಂದಿನ ಗಳಿಕೆ ಇರುವುದು ಅಲ್ಲಿಯೇ.

ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಇಂದು ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತಿವೆ. ಸೂರ್ಯನಿಂದ ಭೂಮಿಗೆ ಇರುವ 15 ಕೋಟಿ ಕಿ.ಮೀ. ದಾರಿಯಲ್ಲಿ ಹಗಲಿರುಳು ಕಾವಲು ನಿಂತಿರುವ ನೌಕೆಗಳನ್ನು ಬೆರಳಲ್ಲಿ ಎಣಿಸಬಹುದು, ಅವು ನಿಂತಿರುವುದೂ ಆ ದಾರಿಯ ಕೊನೆಯ ನೂರರಲ್ಲೊಂದು ಪಾಲಿನ ಹೊಸ್ತಿಲಲ್ಲಿ.